ಹೆಸರಿನಲ್ಲಿ ಯಾವುದು ಹೆಸರು?

ಕೆಲವು ತಿಂಗಳ ಹಿಂದೆ ವಿದ್ಯಾರ್ಥಿವೇತನದ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬುತ್ತಿದ್ದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕರೆದು, "ಸರ್, ನನ್ನ ಸರ್‌ನೇಮ್ ಯಾವುದು?" ಎಂದು ಕೇಳಿದಳು. ಅವಳ ಹೆಸರಿಗೆ ಎರಡು ಇನಿಷಿಯಲ್‌ಗಳಿವೆ. ಒಂದು ಊರಿನದು, ಇನ್ನೊಂದು ತಂದೆಯದು. ಕುಟುಂಬಕ್ಕೆಲ್ಲ ಒಂದೇ ಆಗಿರುವ ಹೆಸರು ಅವರ ಮನೆಯಲ್ಲಿ ಯಾರಿಗೂ ಇಲ್ಲ. ಆದರೆ ಪರದೆಯ ಮೇಲಿನ ಆ ಚೌಕವನ್ನು ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗುತ್ತಿರಲಿಲ್ಲ. ಕೊನೆಗೆ ಇನಿಷಿಯಲ್‌ಗಳನ್ನೇ ಅಲ್ಲಿ ಸೇರಿಸಿದೆವು. ಶಾಲೆಯ ದಾಖಲೆಯಲ್ಲಿ ಅವಳ ಹೆಸರು ಒಂದು ಕ್ರಮದಲ್ಲಿದೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಕ್ರಮದಲ್ಲಿದೆ, ಈಗ ಅರ್ಜಿಯಲ್ಲಿ ಮೂರನೆಯದು. ಕಂಪ್ಯೂಟರಿನ ಲೆಕ್ಕದಲ್ಲಿ ಒಬ್ಬ ಹುಡುಗಿ ಮೂವರಾದಳು.

ವಿಜ್ಞಾನ ಓದುವವರಿಗೆ ಈ ಪ್ರಶ್ನೆ ಅಪ್ರಸ್ತುತವೆಂದು ತೋರಬಹುದು. ಆದರೆ ನಿಮ್ಮ ಪಠ್ಯಪುಸ್ತಕವನ್ನೇ ತೆರೆದು ನೋಡಿ. ಕೆಲ್ವಿನ್, ಸೆಲ್ಸಿಯಸ್, ಪ್ಯಾಸ್ಕಲ್, ರಾಮನ್ ಪರಿಣಾಮ, ಚಂದ್ರಶೇಖರ್ ಮಿತಿ, ಬೋಸಾನ್, ಅಲ್ಗಾರಿದಮ್ - ಎಲ್ಲವೂ ಜನರ ಹೆಸರುಗಳಿಂದ ಬಂದ ಪದಗಳೇ. ಆ ಜನರ ಹೆಸರಿನ ಯಾವ ಭಾಗ ಪದವಾಗಿ ಉಳಿಯಿತು, ಯಾವ ಭಾಗ ಬಿಟ್ಟುಹೋಯಿತು ಎಂದು ಹುಡುಕುತ್ತ ಹೋದರೆ ಆ ಹುಡುಗಿಯ ಪ್ರಶ್ನೆಗೆ ಒಂದೇ ಉತ್ತರವಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಕು.ವೆಂ.ಪು. ಮತ್ತು ದ.ರಾ. ಬೇಂದ್ರೆ

ಮೊದಲು ನಮ್ಮ ರಾಜ್ಯದಲ್ಲೇ ಇರುವ ವೈಚಿತ್ರ್ಯವನ್ನು ಗಮನಿಸೋಣ. ಕುವೆಂಪು ಎಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಅವರ ಸ್ವಂತ ಹೆಸರು. ದ.ರಾ. ಬೇಂದ್ರೆ ಎಂದರೆ ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಇಲ್ಲಿ ದತ್ತಾತ್ರೇಯ ಸ್ವಂತ ಹೆಸರು, ರಾಮಚಂದ್ರ ತಂದೆ, ಬೇಂದ್ರೆ ಮನೆತನದ ಅಡ್ಡಹೆಸರು. ಇಬ್ಬರೂ ಜ್ಞಾನಪೀಠ ಪ್ರಶಸ್ತಿ ಪಡೆದ ಕನ್ನಡ ಕವಿಗಳು (1967 ಮತ್ತು 1973). ಆದರೆ ಒಬ್ಬರ ಹೆಸರಿನಲ್ಲಿ ಸ್ವಂತ ಹೆಸರು ಕೊನೆಗೆ ಬರುತ್ತದೆ, ಇನ್ನೊಬ್ಬರದರಲ್ಲಿ ಮೊದಲಿಗೆ ಬಂದು ಒಂದೇ ಅಕ್ಷರಕ್ಕೆ ಇಳಿದಿದೆ! ಹಳೆಯ ಮೈಸೂರಿನ ಕ್ರಮ ಒಂದು, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದ ಕಡೆಯ ಕ್ರಮ ಇನ್ನೊಂದು. ಬೆಂಗಳೂರಿನ ಕಚೇರಿಗಳಲ್ಲಿ ಈ ಎರಡೂ ಕಡೆಯವರ ಕಡತಗಳು ಒಂದೇ ಕಪಾಟಿನಲ್ಲಿರುತ್ತವೆ. ಗುಮಾಸ್ತರ ಕಷ್ಟ ಊಹಿಸಬಹುದು.

ಊರಿನ ಇನಿಷಿಯಲ್ ಎಂದರೆ ಹುಟ್ಟಿದ ಊರೇ ಆಗಬೇಕೆಂದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಆದರೆ 'ಎಂ' ಎಂಬುದು ಮುದ್ದೇನಹಳ್ಳಿಯಲ್ಲ, ಮೋಕ್ಷಗುಂಡಂ. ಅವರ ಪೂರ್ವಿಕರು ಬಿಟ್ಟುಬಂದ, ಈಗ ಆಂಧ್ರಪ್ರದೇಶದಲ್ಲಿರುವ ಊರು ಅದು. ಊರು ಬಿಟ್ಟು ತಲೆಮಾರುಗಳು ಕಳೆದ ಮೇಲೂ ಇನಿಷಿಯಲ್ ಜೊತೆಗೇ ಬಂದಿತ್ತು. ನಮ್ಮ ಬಾಹ್ಯಾಕಾಶ ವಿಜ್ಞಾನಿ ಯು.ಆರ್. ರಾವ್ ಅವರ 'ಯು' ಉಡುಪಿ. ರಾಮಚಂದ್ರ ಅವರ ಸ್ವಂತ ಹೆಸರು. 'ರಾವ್' ಎಂಬುದು ಮೂಲತಃ ಗೌರವಸೂಚಕ. ಹೊರದೇಶದ ಪತ್ರಿಕೆಗಳು ಅವರನ್ನು 'ರಾವ್' ಎಂದು ಕರೆದಾಗಲೆಲ್ಲ ಊರೂ ಅಲ್ಲದ, ತಂದೆಯೂ ಅಲ್ಲದ, ಸ್ವಂತ ಹೆಸರೂ ಅಲ್ಲದ ಭಾಗದಿಂದಲೇ ಕರೆದಂತಾಯಿತು.

ಗಣಿತದೊಳಗೆ ಒಂದು ಊರು

ಈಗ ಒಂಬತ್ತನೆಯ ಶತಮಾನದ ಬಾಗ್ದಾದಿಗೆ ಹೋಗೋಣ. ಖಲೀಫ ಅಲ್-ಮಾಮೂನನ ಕಾಲದಲ್ಲಿ (813-833) ಅಲ್ಲಿದ್ದ ಗಣಿತಜ್ಞನ ಹೆಸರು ಮುಹಮ್ಮದ್ ಇಬ್ನ್ ಮೂಸಾ ಅಲ್-ಖ್ವಾರಿಜ್ಮಿ. ಇದನ್ನು ಬಿಡಿಸಿ ನೋಡಿ. ಮುಹಮ್ಮದ್ ಸ್ವಂತ ಹೆಸರು. 'ಇಬ್ನ್ ಮೂಸಾ' ಎಂದರೆ ಮೂಸಾನ ಮಗ. 'ಅಲ್-ಖ್ವಾರಿಜ್ಮಿ' ಎಂದರೆ ಖ್ವಾರಿಜ್ಮಿನವನು. ಅರಲ್ ಸಮುದ್ರದ ದಕ್ಷಿಣಕ್ಕೆ, ಅಮು ದರಿಯಾ ನದಿಯ ಕೆಳಹರಿವಿನಲ್ಲಿ, ಇಂದಿನ ಉಜ್ಬೆಕಿಸ್ತಾನ ಹಾಗೂ ತುರ್ಕಮೆನಿಸ್ತಾನಗಳಲ್ಲಿ ಹಂಚಿಹೋಗಿರುವ ಪ್ರಾಂತ ಅದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದನ್ನು ಹಿಂದುಮುಂದು ಮಾಡಿದರೆ ಇದೇ ವಿನ್ಯಾಸ ದೊರೆಯುತ್ತದೆ, ಅಲ್ಲವೆ?

ಹಿಂದೂ ಅಂಕಿಗಳಿಂದ ಲೆಕ್ಕ ಮಾಡುವ ವಿಧಾನವನ್ನು ವಿವರಿಸಿ ಆತ ಒಂದು ಪುಸ್ತಕ ಬರೆದ. ಅದರ ಅರಬ್ಬಿ ಮೂಲ ಉಳಿದಿಲ್ಲ. 12ನೆಯ ಶತಮಾನದ ಲ್ಯಾಟಿನ್ ಅನುವಾದ ಮಾತ್ರ ಉಳಿದಿದ್ದು, ಅದು ಅಲ್ಗೊರಿಜ್ಮಿ ಹೀಗೆ ಹೇಳಿದ್ದಾನೆ ಎಂಬರ್ಥದ ಮಾತಿನಿಂದ ಆರಂಭವಾಗುತ್ತದೆ. ಯುರೋಪಿನ ಓದುಗರಲ್ಲಿ ಬಹಳ ಮಂದಿಗೆ ಇದು ಒಬ್ಬ ಮನುಷ್ಯನ ಹೆಸರೆಂದೇ ಹೊಳೆಯಲಿಲ್ಲ. ಸೊನ್ನೆ ಸಹಿತ ಹತ್ತು ಅಂಕಿಗಳಿಂದ ಲೆಕ್ಕ ಮಾಡುವ ವಿದ್ಯೆಗೇ ಅವರು 'ಅಲ್ಗಾರಿಸಮ್' ಎಂದರು. ಮುಂದೆ, ಸಂಖ್ಯೆ ಎಂಬರ್ಥದ ಗ್ರೀಕ್ ಪದವಾದ 'ಅರಿತ್ಮೋಸ್'ನ ಪ್ರಭಾವದಿಂದ ಅದರ ಬಾಲ ತಿದ್ದಿಹೋಗಿ 'ಅಲ್ಗಾರಿದಮ್' ಆಯಿತು. ಸ್ಪೇನಿನಲ್ಲಿ ಅದೇ ಹೆಸರು 'ಗ್ವಾರಿಸ್ಮೊ' ಆಗಿ, ಬರೆದ ಅಂಕಿ ಎಂಬ ಅರ್ಥ ಪಡೆಯಿತು. ಇಂದು ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿ ದಿನಕ್ಕೆ ಹತ್ತು ಸಲ ಉಚ್ಚರಿಸುವ ಈ ಪದದಲ್ಲಿ ಮುಹಮ್ಮದ್ ಇಲ್ಲ, ಮೂಸಾ ಇಲ್ಲ. ಇರುವುದು ಊರಿನ ಇನಿಷಿಯಲ್ ಮಾತ್ರ.

ಅದೇ ಲ್ಯಾಟಿನ್ ಅನುವಾದಗಳು ಇನ್ನಿಬ್ಬರನ್ನು ಹೇಗೆ ನಡೆಸಿಕೊಂಡವು ನೋಡಿ. ವೈದ್ಯಗ್ರಂಥ ಬರೆದ ಇಬ್ನ್ ಸೀನಾ ಅಲ್ಲಿ 'ಅವಿಸೆನ್ನ' ಆದ. ಅವನ ಹೆಸರಿನಿಂದ ಲ್ಯಾಟಿನ್ನಿಗೆ ಹೋದದ್ದು ವಂಶದ ಹಿರಿಯನೊಬ್ಬನ ಹೆಸರು. ಬೆಳಕಿನ ಬಗ್ಗೆ ಪ್ರಯೋಗ ಮಾಡಿದ ಅಲ್-ಹಸನ್ ಇಬ್ನ್ ಅಲ್-ಹೈಥಮ್ 'ಅಲ್‌ಹಾಜೆನ್' ಆದ. ಅವನ ವಿಷಯದಲ್ಲಿ ಉಳಿದದ್ದು ಸ್ವಂತ ಹೆಸರು. ಮೂವರು ವಿದ್ವಾಂಸರು, ಒಂದೇ ಬಗೆಯ ಹೆಸರಿನ ವ್ಯವಸ್ಥೆ, ಆದರೆ ಉಳಿದುಕೊಂಡ ತುಂಡು ಮೂವರಲ್ಲೂ ಬೇರೆ ಬೇರೆ. ಇದಕ್ಕೆ ನಿಯಮವೇನೂ ಇರಲಿಲ್ಲ.

ಅಲ್-ಖ್ವಾರಿಜ್ಮಿಯ ಇನ್ನೊಂದು ಪುಸ್ತಕದ ಶೀರ್ಷಿಕೆಯಲ್ಲಿ 'ಅಲ್-ಜಬ್ರ್' ಎಂಬ ಪದವಿದೆ. ಮುರಿದದ್ದನ್ನು ಕೂಡಿಸುವುದು ಎಂದು ಅದರ ಅರ್ಥ. 5x = 40 - 3x ಎಂಬ ಸಮೀಕರಣದಲ್ಲಿ ಬಲಗಡೆಯ 40 ಎಂಬುದು 3x ನಷ್ಟು ಮುರಿದುಹೋಗಿದೆ. ಎರಡೂ ಕಡೆಗೆ 3x ಸೇರಿಸಿದರೆ 40 ಪೂರ್ತಿಯಾಗುತ್ತದೆ, ಎಡಗಡೆ 8x ಆಗುತ್ತದೆ. ನಾವು ತರಗತಿಯಲ್ಲಿ 'ಪಕ್ಷಾಂತರ' ಎನ್ನುವುದು ಇದಕ್ಕೇ. (ಮಕ್ಕಳು ಈ ಪದಕ್ಕೆ ನಕ್ಕರೆ ತಪ್ಪು ಅವರದಲ್ಲ, ದಿನಪತ್ರಿಕೆಗಳದು.) ಸ್ಪ್ಯಾನಿಷ್ ಭಾಷೆಯಲ್ಲಿ 'ಆಲ್ಜಿಬ್ರಿಸ್ತ' ಎಂದರೆ ಬಹುಕಾಲ ಮುರಿದ ಮೂಳೆ ಕೂಡಿಸುವವನು ಎಂದೇ ಅರ್ಥವಿತ್ತು.

ಹೆದೆಯಿಂದ ಜೇಬಿಗೆ

ವ್ಯಕ್ತಿನಾಮದ ದಾರಿ ಬಿಟ್ಟು ಇಲ್ಲೊಂದು ಸಣ್ಣ ಸುತ್ತು ಹಾಕಲೇಬೇಕು. ಬಾಗ್ದಾದಿನ ಅದೇ ಅನುವಾದಗಳ ಮೂಲಕ ಹೋದ ನಮ್ಮ ಪದವೊಂದು ಗುರುತೇ ಸಿಗದಂತೆ ಮರಳಿ ಬಂದಿದೆ.

ಆರ್ಯಭಟ ತನ್ನ 'ಆರ್ಯಭಟೀಯ'ದಲ್ಲಿ (ಕ್ರಿ.ಶ. 499) ವೃತ್ತದ ಕಂಸವನ್ನು ಬಿಲ್ಲಿಗೂ, ಅದರ ತುದಿಗಳನ್ನು ಸೇರಿಸುವ ರೇಖೆಯನ್ನು ಬಿಲ್ಲಿನ ಹೆದೆಗೂ ಹೋಲಿಸುವ ಪರಿಭಾಷೆಯನ್ನು ಬಳಸಿದ. ಹೆದೆಗೆ ಸಂಸ್ಕೃತದಲ್ಲಿ ಜ್ಯಾ ಅಥವಾ ಜೀವಾ. ಕನ್ನಡ ಪಠ್ಯಪುಸ್ತಕದಲ್ಲಿ ನಾವು ಇಂದಿಗೂ 'ವೃತ್ತದ ಜ್ಯಾ' ಎನ್ನುತ್ತೇವೆ. ಲೆಕ್ಕಕ್ಕೆ ಬೇಕಾದದ್ದು ಅರ್ಧ ಹೆದೆ. ಅದು ಅರ್ಧಜ್ಯಾ. ಬಳಕೆಯಲ್ಲಿ 'ಅರ್ಧ' ಬಿದ್ದುಹೋಗಿ ಬರಿಯ ಜ್ಯಾ ಉಳಿಯಿತು. ಪರಿಧಿಯನ್ನು 21,600 ಕಲೆಗಳಾಗಿ ಭಾಗಿಸಿದರೆ ತ್ರಿಜ್ಯ ಸುಮಾರು 3438 ಕಲೆ. ಆಗ 30 ಡಿಗ್ರಿಯ ಜ್ಯಾ 1719, ಅಂದರೆ ಸರಿಯಾಗಿ ಅರ್ಧ. ಇಂದಿನ ಭಾಷೆಯಲ್ಲಿ ಸೈನ್ 30° = 1/2. ನಿಮ್ಮ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಕೋಷ್ಟಕದ ಮೊದಲ ಸಾಲುಗಳಲ್ಲಿ ಇದೂ ಒಂದು.

ಅರಬ್ಬಿ ಗಣಿತಜ್ಞರು 'ಜೀವಾ' ಪದವನ್ನು ಅನುವಾದಿಸಲಿಲ್ಲ. ಧ್ವನಿಯನ್ನೇ ಹಿಡಿದು 'ಜೀಬಾ' ಎಂದರು. ಅರಬ್ಬಿಯಲ್ಲಿ ಅದಕ್ಕೆ ಬೇರೆ ಅರ್ಥವಿರಲಿಲ್ಲ. ಆದರೆ ಆ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಹಾಗಾಗಿ ಬರೆದದ್ದನ್ನು 'ಜೈಬ್' ಎಂದೂ ಓದಬಹುದಿತ್ತು. ಜೈಬ್ ಎಂದರೆ ಉಡುಪಿನ ಎದೆಯ ಬಳಿಯ ಮಡಿಕೆ. 12ನೆಯ ಶತಮಾನದ ಲ್ಯಾಟಿನ್ ಅನುವಾದಕರು ಹಾಗೆಯೇ ಓದಿಕೊಂಡು, ಮಡಿಕೆ ಎಂಬರ್ಥದ ತಮ್ಮ 'ಸೈನಸ್' ಪದವನ್ನು ಇಟ್ಟರು. ಅದೇ ಇಂದಿನ ಸೈನ್. ಮೂಗಿನ ಪಕ್ಕದ ಎಲುಬಿನ ಟೊಳ್ಳುಗಳಿಗೆ ಸೈನಸ್ ಎನ್ನುತ್ತಾರಲ್ಲ, ಪದ ಅದೇ.

ಸ್ವಾರಸ್ಯವಿರುವುದು ಮುಂದೆ. ಉಡುಪಿನ ಮಡಿಕೆಯಲ್ಲಿ ಸಾಮಾನು ಇಟ್ಟುಕೊಳ್ಳುತ್ತಿದ್ದುದರಿಂದ 'ಜೈಬ್'ಗೆ ಕಿಸೆ ಎಂಬ ಅರ್ಥವೂ ಬಂತು. ಪಾರ್ಸಿ, ಉರ್ದುಗಳ ಮೂಲಕ ಅದು ನಮ್ಮಲ್ಲಿಗೆ ಬಂದು 'ಜೇಬು' ಆಯಿತು. ತ್ರಿಕೋನಮಿತಿಯ ಸೈನ್ ಎಂಬುದು ನಿಮ್ಮ ಅಂಗಿಯ ಜೇಬಿನ ಲ್ಯಾಟಿನ್ ಅನುವಾದ ಎಂದು ತರಗತಿಯಲ್ಲಿ ಹೇಳಿ ನೋಡಿ. ಪದವನ್ನು ಮರೆಯುವವರು ಕಡಿಮೆಯಾಗುತ್ತಾರೆ. ಇದಕ್ಕೆ ಹೋಲಿಸಿದರೆ ಸೊನ್ನೆಯ ಪಯಣ ಸರಳ. 'ಶೂನ್ಯ'ವನ್ನು ಅರಬ್ಬರು ಅರ್ಥ ಹಿಡಿದು 'ಸಿಫ್ರ್' (ಖಾಲಿ) ಎಂದರು. ಪೀಸಾದ ಲಿಯೊನಾರ್ಡೊ 1202ರಲ್ಲಿ ಅದನ್ನು 'ಜೆಫಿರಮ್' ಎಂದು ಬರೆದ. ಇಟಲಿಯವರ ಬಾಯಲ್ಲಿ ಅದು 'ಜೀರೊ' ಆಯಿತು. ನಮ್ಮ 'ಸೊನ್ನೆ' ಅದೇ ಶೂನ್ಯದ ತದ್ಭವ.

ರಾಮನ್, ಚಂದ್ರಶೇಖರ್: ಒಂದೇ ಮನೆಯ ಲೆಕ್ಕ

ಮರಳಿ ವ್ಯಕ್ತಿನಾಮಗಳಿಗೆ ಬರೋಣ. ಆರ್. ಚಂದ್ರಶೇಖರ ಅಯ್ಯರ್ ಎಂಬುವರಿಗೆ ಇಬ್ಬರು ಹೆಸರಾಂತ ಮಕ್ಕಳು, ಸಿ. ಸುಬ್ರಹ್ಮಣ್ಯ ಅಯ್ಯರ್ ಮತ್ತು ಸಿ.ವಿ. ರಾಮನ್. ಇಬ್ಬರ 'ಸಿ' ಕೂಡ ತಂದೆ ಚಂದ್ರಶೇಖರ. ಎರಡನೆಯವರ ಸ್ವಂತ ಹೆಸರು ವೆಂಕಟರಾಮನ್. ಅದು ಎರಡು ತುಂಡಾಗಿ 'ವಿ. ರಾಮನ್' ಆಯಿತು. ಸುಬ್ರಹ್ಮಣ್ಯ ಅಯ್ಯರ್ ತಮ್ಮ ಹಿರಿಯ ಮಗನಿಗೆ ವಾಡಿಕೆಯಂತೆ ಅಜ್ಜನ ಹೆಸರಿಟ್ಟರು. ಆ ಮಗನೇ ಎಸ್. ಚಂದ್ರಶೇಖರ್. ಇವರ 'ಎಸ್' ಎಂದರೆ ತಂದೆ ಸುಬ್ರಹ್ಮಣ್ಯನ್.

ಹೀಗಾಗಿ 1930ರಲ್ಲಿ ನೊಬೆಲ್ ಪಡೆದ ಚಿಕ್ಕಪ್ಪನೂ 1983ರಲ್ಲಿ ಪಡೆದ ಅಣ್ಣನ ಮಗನೂ ಗ್ರಂಥಸೂಚಿಯಲ್ಲಿ ಬೇರೆ ಬೇರೆ ಮನೆತನದವರಂತೆ ಕಾಣುತ್ತಾರೆ. ಒಬ್ಬರಲ್ಲಿ ಇನಿಷಿಯಲ್ ಆಗಿರುವುದೇ ಇನ್ನೊಬ್ಬರಲ್ಲಿ 'ಸರ್‌ನೇಮ್' ಆಗಿದೆ. ಪಾಶ್ಚಾತ್ಯರು ನ್ಯೂಟನ್, ಮ್ಯಾಕ್ಸ್‌ವೆಲ್ ಎಂದು ಮನೆತನದ ಹೆಸರಿನಿಂದ ನಿಯಮಗಳನ್ನು ಕರೆದರೆ, ರಾಮನ್ ಪರಿಣಾಮ ಎಂಬಲ್ಲಿ ಇರುವುದು ಸ್ವಂತ ಹೆಸರಿನ ಅರ್ಧ. ನ್ಯೂಟನ್ನನ ನಿಯಮವನ್ನು 'ಐಸಾಕನ ನಿಯಮ' ಎಂದಂತೆ! ನನಗಂತೂ ಇದು ಒಳ್ಳೆಯದೇ ಎನಿಸುತ್ತದೆ. ಬಿಳಿಕುಬ್ಜ ನಕ್ಷತ್ರದ ರಾಶಿ ಸೂರ್ಯನ ಸುಮಾರು 1.4 ಪಟ್ಟು ಮೀರಲಾರದು ಎಂಬ ಚಂದ್ರಶೇಖರ್ ಮಿತಿಯಲ್ಲೂ ಉಳಿದಿರುವುದು ಸ್ವಂತ ಹೆಸರೇ. 1999ರಲ್ಲಿ ಅಮೆರಿಕ ಹಾರಿಸಿದ ಎಕ್ಸ್-ಕಿರಣ ದೂರದರ್ಶಕಕ್ಕೆ, ಸ್ನೇಹಿತರು ಅವರನ್ನು ಕರೆಯುತ್ತಿದ್ದಂತೆ, 'ಚಂದ್ರ' ಎಂದು ಹೆಸರಿಟ್ಟರು.

ನದಿ, ದಿಬ್ಬ ಮತ್ತು ಲಿಂಡನ್ ಮರ

ಹಾಗಾದರೆ ಯುರೋಪಿನವರ ಸರ್‌ನೇಮ್ ಬಹಳ ಪುರಾತನ, ಸ್ಥಿರ ಎಂದು ನೀವು ಭಾವಿಸಬಹುದು. ಅದೂ ಪೂರ್ತಿ ನಿಜವಲ್ಲ. ನಿರಪೇಕ್ಷ ತಾಪಮಾನದ ಮಾನವನ್ನು 1848ರಲ್ಲಿ ಸೂಚಿಸಿದಾಗ ಆತ ಬರಿಯ ವಿಲಿಯಂ ಥಾಮ್ಸನ್. 1892ರಲ್ಲಿ ಪದವಿ ದೊರೆತಾಗ ಗ್ಲಾಸ್ಗೊ ವಿಶ್ವವಿದ್ಯಾನಿಲಯದ ಪಕ್ಕದಲ್ಲಿ ಹರಿಯುವ ನದಿಯ ಹೆಸರನ್ನು ಆರಿಸಿಕೊಂಡು ಲಾರ್ಡ್ ಕೆಲ್ವಿನ್ ಆದ. 300 ಕೆಲ್ವಿನ್ ಎಂದು ಬರೆಯುವಾಗ ನಾವು ಬಳಸುತ್ತಿರುವುದು ಒಂದು ಹೊಳೆಯ ಹೆಸರು. ಸೆಲ್ಸಿಯಸ್ ಎಂಬುದು ಸ್ವೀಡನ್ನಿನ ಆ ಕುಟುಂಬದ ಹಿರಿಯರಿದ್ದ 'ಹ್ಯೋಗೆನ್' (ದಿಬ್ಬ) ಎಂಬ ಜಾಗದ ಹೆಸರಿನ ಲ್ಯಾಟಿನ್ ರೂಪ. ಗೆಲಿಲಿಯೊನ ವಂಶದವರು ಮೊದಲು ಬೊನಾಯುತಿಗಳು. ಗೆಲಿಲಿಯೊ ಎಂಬ ಪೂರ್ವಿಕ ವೈದ್ಯನೊಬ್ಬನಿಂದ ಗೆಲಿಲಿ ಎಂಬ ಮನೆತನದ ಹೆಸರು ಬಂತು.

ಕಾರ್ಲ್ ಲಿನ್ನೇಯಸ್‌ನ ಕಥೆ ಜೀವವಿಜ್ಞಾನದ ಅಧ್ಯಾಪಕರಿಗೆ ತುಂಬ ಉಪಯುಕ್ತ. ಅವನ ತಂದೆ ನಿಲ್ಸ್ ಇಂಗೆಮಾರ್ಸನ್. ಅಂದರೆ ಇಂಗೆಮಾರ್‌ನ ಮಗ ನಿಲ್ಸ್. ಆ ಕಾಲದ ಸ್ವೀಡನ್ನಿನ ಹಳ್ಳಿಗರಿಗೂ ಸರ್‌ನೇಮ್ ಇರಲಿಲ್ಲ. ತಂದೆಯ ಹೆಸರೇ ಸಾಕಾಗಿತ್ತು. ವಿಶ್ವವಿದ್ಯಾನಿಲಯಕ್ಕೆ ಸೇರುವಾಗ ಮನೆತನದ ಹೆಸರು ಬೇಕೆಂದಾಗ ನಿಲ್ಸ್ ತನ್ನ ಮನೆಯ ಜಮೀನಿನಲ್ಲಿದ್ದ ದೊಡ್ಡ ಲಿಂಡನ್ ಮರದಿಂದ 'ಲಿನ್ನೇಯಸ್' ಎಂಬ ಹೆಸರನ್ನು ಕಟ್ಟಿಕೊಂಡ. ಅರ್ಜಿಯ ಚೌಕ ತುಂಬಲು ಪರದಾಡಿದ ನಮ್ಮ ಹುಡುಗಿಗೂ ನಿಲ್ಸ್‌ಗೂ ಇರುವ ಅಂತರ ಹೆಚ್ಚೇನಲ್ಲ. ಅವನ ಮಗ 1753ರಲ್ಲಿ ಸಸ್ಯಗಳಿಗೆ ಎರಡು ಪದಗಳ ಹೆಸರು ಕೊಡುವ ಪದ್ಧತಿಯನ್ನು ನೆಲೆಗೊಳಿಸಿದ. ಮಾವಿನ ವೈಜ್ಞಾನಿಕ ಹೆಸರು ಮ್ಯಾಂಜಿಫೆರ ಇಂಡಿಕ. 'ಮ್ಯಾಂಗ' ಎಂಬುದು ತಮಿಳು-ಮಲಯಾಳಗಳ ಮೂಲಕ ಪೋರ್ಚುಗೀಸರಿಗೆ ದೊರೆತ ಪದ. ಅದರಲ್ಲಿರುವುದು ನಮ್ಮ 'ಮಾ' ಮತ್ತು 'ಕಾಯಿ'. ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಈ ಹೆಸರಿನ ಕೊನೆಗೆ 'ಎಲ್' ಎಂಬ ಒಂದಕ್ಷರ ಇರುತ್ತದೆ, ಗಮನಿಸಿದ್ದೀರಾ? ಅದು ಹೆಸರಿಟ್ಟವನ ಇನಿಷಿಯಲ್. ಮಾವಿನ ಬೆನ್ನಿಗೆ ಸ್ವೀಡನ್ನಿನ ಲಿಂಡನ್ ಮರ ನಿಂತಿದೆ.

ಐಸ್‌ಲ್ಯಾಂಡಿನಲ್ಲಿ ಹಳೆಯ ಕ್ರಮ ಇಂದಿಗೂ ಇದೆ. 1980ರಲ್ಲಿ ಅಧ್ಯಕ್ಷೆಯಾಗಿ ಚುನಾಯಿತರಾದ ವಿಗ್ದಿಸ್ ಫಿನ್‌ಬೋಗದೋತ್ತಿರ್ ಎಂದರೆ ಫಿನ್‌ಬೋಗಿಯ ಮಗಳು ವಿಗ್ದಿಸ್. ಅಲ್ಲಿ ಅವರನ್ನು ಯಾರೂ 'ಶ್ರೀಮತಿ ಫಿನ್‌ಬೋಗದೋತ್ತಿರ್' ಎನ್ನುವುದಿಲ್ಲ, ವಿಗ್ದಿಸ್ ಎನ್ನುತ್ತಾರೆ. ದೂರವಾಣಿ ಕೈಪಿಡಿಯಲ್ಲೂ ಸ್ವಂತ ಹೆಸರಿನ ಅಕಾರಾದಿ ಕ್ರಮವೇ ಇತ್ತು. ಚೀನದಲ್ಲಿ ಮನೆತನದ ಹೆಸರು ಮೊದಲು. ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಔಷಧ ಕಂಡುಹಿಡಿದು 2015ರಲ್ಲಿ ನೊಬೆಲ್ ಪಡೆದ ತೂ ಯೋಯೋ ಅವರಲ್ಲಿ ತೂ ಮನೆತನ, ಯೋಯೋ ಸ್ವಂತ ಹೆಸರು. 'ಶಿಜಿಂಗ್' ಎಂಬ ಪ್ರಾಚೀನ ಕಾವ್ಯಸಂಗ್ರಹದಲ್ಲಿ, ಹಾವ್ ಎಂಬ ಕಾಡುಗಿಡವನ್ನು ಮೇಯುತ್ತಿರುವ ಜಿಂಕೆಗಳ ಕೂಗಿನಿಂದ ತಂದೆ ಆ ಹೆಸರನ್ನು ಆರಿಸಿದ್ದರು. ದಶಕಗಳ ನಂತರ ಅವರು ಔಷಧ ತೆಗೆದದ್ದು ಚಿಂಗ್‌ಹಾವ್ ಎಂಬ ಗಿಡದಿಂದ! ಅವರೇ ಇದನ್ನು ಕಾಕತಾಳೀಯ ಎಂದಿದ್ದಾರೆ.

ಚೌಕ ತುಂಬುವ ಬಗೆ

ಕಂಪ್ಯೂಟರಿನ ಅರ್ಜಿಗಳನ್ನು ಮೊದಲು ರೂಪಿಸಿದವರ ಊರುಗಳಲ್ಲಿ ಎಲ್ಲರಿಗೂ ಸ್ವಂತ ಹೆಸರೊಂದು, ಮನೆತನದ ಹೆಸರೊಂದು ಇದ್ದವು. ಆ ಎರಡು ಚೌಕಗಳು ಜಗತ್ತಿಗೆಲ್ಲ ಹರಡಿದವು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಅಮೆರಿಕದ ವೀಸಾದಲ್ಲಿ 'ಎಫ್‌ಎನ್‌ಯು' ಎಂಬ ಮೂರಕ್ಷರ ಬರುವುದುಂಟು. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ಆ ಅಕ್ಷರಗಳೇ ಹೆಸರಾಗಿ ಬ್ಯಾಂಕಿನವರೆಗೂ ಹಿಂಬಾಲಿಸಿದ ಕಷ್ಟವನ್ನು ಅಲ್ಲಿರುವ ಪರಿಚಿತ ಕನ್ನಡಿಗರು ಹೇಳಿದ್ದಾರೆ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದಿತು. ಬಳಿಕ, ತಂದೆಯ ಅಥವಾ ಕುಟುಂಬದ ಹೆಸರು ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿದ್ದರೆ ಸಾಕು ಎಂಬ ಸ್ಪಷ್ಟನೆ ಬಂತು.

ಸಂಶೋಧನೆಯಲ್ಲೂ ಇದೇ ತೊಡಕು. ಒಂದು ಲೇಖನದಲ್ಲಿ ಇನಿಷಿಯಲ್ ಮೊದಲು, ಇನ್ನೊಂದರಲ್ಲಿ ಕೊನೆಗೆ, ಮೂರನೆಯದರಲ್ಲಿ ಊರಿನ ಹೆಸರು ಪೂರ್ತಿ ಎಂದಾದರೆ ಒಬ್ಬರ ಕೆಲಸ ಮೂವರ ಹೆಸರಿನಲ್ಲಿ ಹಂಚಿಹೋಗುತ್ತದೆ. ಇದಕ್ಕಾಗಿಯೇ 2012ರಲ್ಲಿ 'ಆರ್ಕಿಡ್' ಎಂಬ ಗುರುತುಸಂಖ್ಯೆಯ ವ್ಯವಸ್ಥೆ ಆರಂಭವಾಯಿತು. ನಾಲ್ಕು ನಾಲ್ಕರ ಗುಂಪಿನಲ್ಲಿ 16 ಸ್ಥಾನಗಳು. ಕೊನೆಯದು ತಾಳೆ ನೋಡುವ ಅಂಕಿ. 11ರಿಂದ ಭಾಗಿಸಿ ಬರುವ ಶೇಷವನ್ನು ಆಧರಿಸಿದ್ದು. ಆ ಬೆಲೆ 10 ಬಂದರೆ ರೋಮನ್ನರ ಹತ್ತು, ಎಕ್ಸ್ ಎಂದು ಬರೆಯುತ್ತಾರೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೊದಲ ಲೇಖನ ಕಳುಹಿಸುವ ಮುನ್ನವೇ ಇದನ್ನು ಪಡೆಯಬಹುದು. ಖರ್ಚಿಲ್ಲ.

ಶಾಲೆಯ ಅಧ್ಯಾಪಕರು ಮಾಡಬಹುದಾದ್ದು ಇದಕ್ಕಿಂತ ಹಿಂದಿನ ಹಂತದ್ದು. ದಾಖಲಾತಿ ಪುಸ್ತಕದಲ್ಲಿ ಬರೆದದ್ದು ಅಂಕಪಟ್ಟಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ ಹೋಗುತ್ತದೆ. ಒಂದನೆಯ ತರಗತಿಗೆ ಮಗು ಸೇರುವಾಗಲೇ ಪಾಲಕರನ್ನು ಕೂರಿಸಿಕೊಂಡು, ಇನಿಷಿಯಲ್ ಯಾವುದರದು, ಮುಂದಿರಬೇಕೆ ಹಿಂದಿರಬೇಕೆ, ಇಂಗ್ಲಿಷಿನಲ್ಲಿ ಕಾಗುಣಿತ ಹೇಗೆ ಎಂದು ಕೇಳಿ ಬರೆಯುವುದಕ್ಕೆ ಐದು ನಿಮಿಷ ಸಾಕು. ಮುಂದೆ ತಿದ್ದಿಸಲು ಹೊರಟರೆ ಅಫಿಡವಿಟ್ಟು, ಓಡಾಟ.

ತರಗತಿಯಲ್ಲಿ ಒಂದು ಚಟುವಟಿಕೆಯನ್ನೂ ಮಾಡಬಹುದು. ಹಾಜರಿ ಪಟ್ಟಿಯನ್ನು ಮೊದಲು ಸ್ವಂತ ಹೆಸರಿನ ಅಕಾರಾದಿಯಲ್ಲಿ, ಬಳಿಕ ತಂದೆ ಅಥವಾ ತಾಯಿಯ ಹೆಸರಿನ ಅಕಾರಾದಿಯಲ್ಲಿ, ಕೊನೆಗೆ ಊರಿನ ಅಥವಾ ಅಡ್ಡಹೆಸರಿನ ಅಕಾರಾದಿಯಲ್ಲಿ ಮಕ್ಕಳಿಂದಲೇ ಜೋಡಿಸಿ. ಮೂರರಲ್ಲೂ ಯಾರ ಸ್ಥಾನ ಎಷ್ಟು ಬದಲಾಯಿತು ಎಂದು ಕೋಷ್ಟಕ ಮಾಡಿಸಿ. ಇನಿಷಿಯಲ್‌ನ ವಿಸ್ತರಣೆ ತಿಳಿಯದವರು ಮನೆಯಲ್ಲಿ ಕೇಳಿಕೊಂಡು ಬರಲಿ. ನಮ್ಮ ಶಾಲೆಯಲ್ಲಿ ಇದನ್ನು ಮಾಡಿದಾಗ ಆ ಹತ್ತನೆಯ ತರಗತಿಯ ಹುಡುಗಿಗೆ ತನ್ನ ಮೊದಲ ಇನಿಷಿಯಲ್ ಯಾವ ಊರಿನದೆಂದು ಗೊತ್ತಿರಲಿಲ್ಲ, ಅವಳ ತಾಯಿಗೂ ಗೊತ್ತಿರಲಿಲ್ಲ. ಅಜ್ಜಿಯನ್ನು ಕೇಳಿ ಮರುದಿನ ಬಂದು ಹೇಳಿದಳು. ಆ ಊರು ಈಗಿಲ್ಲ, ಜಲಾಶಯದ ನೀರಿನಡಿಯಲ್ಲಿದೆ. ನಕಾಶೆಯಲ್ಲಿ ಎಲ್ಲಿತ್ತು ಎಂದು ಅವಳೂ ಇನ್ನಿಬ್ಬರೂ ಹುಡುಕುತ್ತಿದ್ದಾರೆ. ಭೂಗೋಳದ ಮೇಷ್ಟ್ರು ಹಳೆಯ ಸರ್ವೇ ನಕ್ಷೆಯೊಂದನ್ನು ತರಿಸಿಕೊಟ್ಟಿದ್ದಾರೆ.